ಪದಚರ್ಚೆ: ಬೆನ್ನುಮೂಳೆಯ ‘ಕೇಜ್’ ಪಂಜರವೋ, ಬೆಣೆಯೋ, ಗೂಡೋ?

ಮೈಸೂರಿನಿಂದ:
ರೋಗಿಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅಚ್ಚಿಗೆ ಹೋಗಬೇಕು. ಸೊಂಟದ ಎರಡು ಕಶೇರುಗಳನ್ನು (ಬೆನ್ನುಮೂಳೆಯ ಮಣಿಗಳನ್ನು) ಬೆಸೆಯುವಾಗ, ಅವುಗಳ ನಡುವಿನ ಮೆತ್ತೆಯಾದ ಸವೆದ ಡಿಸ್ಕ್ ತೆಗೆದು ಆ ಜಾಗದಲ್ಲಿ ಕೂರಿಸುವ ‘ಕೇಜ್’ಗೆ ಏನೆನ್ನಬೇಕು? ಪೀಕ್ ಎಂಬ ಪ್ಲಾಸ್ಟಿಕ್ಕಿನದು, ಟೈಟೇನಿಯಂನದು, ಒಳಸೇರಿದ ಮೇಲೆ ಎತ್ತರ ಹೆಚ್ಚಿಸಬಹುದಾದದ್ದು ಎಂಬ ಹೋಲಿಕೆಯೂ ಅದರಲ್ಲಿದೆ. ಹಳೆಯ ಕರಡಿನಲ್ಲಿ ‘ಮಿನಿಮಲಿ ಇನ್ವೇಸಿವ್ ಕೇಜ್ ಇಂಪ್ಲಾಂಟ್’ ಎಂಬುದಕ್ಕೆ ‘ಕನಿಷ್ಠ ಆಕ್ರಮಣಕಾರಿ ಪಂಜರ ಕಸಿ’ ಎಂದಿದೆ.

ಮಂಡ್ಯದಿಂದ:
‘ಆಕ್ರಮಣಕಾರಿ’ಯನ್ನು ಚಿರತೆಗೆ ಬಿಟ್ಟು, ‘ಸಣ್ಣ ಸೀಳಿನ’ ಎಂದು ಬರೆಯಿರಿ. ಕಸಿಯೂ ಸಲ್ಲದು: ಕೇಜಿನೊಳಗೆ ತುಂಬುವ ಮೂಳೆಯ ಚೂರುಗಳೇ ಕಸಿ, ಕೇಜ್ ಅಲ್ಲ. ನಾಟಿ ಎಂದೀರಿ, ನಮ್ಮ ಕಡೆ ಕೋಳಿ ನೆನಪಾಗುತ್ತದೆ. ಪಂಜರವಂತೂ ಸಂಸ್ಕೃತದ್ದು, ಮೇಲಾಗಿ ಅಸ್ಥಿಪಂಜರದ ದಿಗಿಲು ಹುಟ್ಟಿಸುತ್ತದೆ. ಸಂದಿಗೆ ಬಡಿದು ಕೂರಿಸುವ, ಎರಡನ್ನು ಅಗಲಿಸಿ ಹಿಡಿಯುವ ವಸ್ತುವಿಗೆ ಬಡಗಿಯ ಬಾಯಲ್ಲಿ ‘ಬೆಣೆ’ ಎಂಬ ಪದ ಸಿದ್ಧವಾಗಿದೆ. ಕಡೆಯ ಆಣಿ ಕಡಾಣಿಯಾಗಿ, ಚಕ್ರ ಕಳಚದಂತೆ ಗಾಡಿಯನ್ನು ಕಾಯ್ದ ನಾಡಿನಲ್ಲಿ ಪದಕ್ಕೆ ಬರವೇ? ಹಿಂದಿನಿಂದ ಬಿಗಿಯುವ ಸ್ಕ್ರೂ, ರಾಡ್‌ಗಳಿಗೆ ತಿರುಪುಮೊಳೆ, ಸಲಾಕೆ. ಅಚ್ಚಗನ್ನಡ ಸಾಕು.

ಮೈಸೂರಿನ ಇನ್ನೊಬ್ಬರಿಂದ:
ತಮ್ಮ ‘ಸಲಾಕೆ’ಯು ಸಂಸ್ಕೃತದ ಶಲಾಕೆಯ ತದ್ಭವ. ಅದಿರಲಿ, ಬೆಣೆ ಗಟ್ಟಿ ವಸ್ತು. ಕೇಜ್ ಟೊಳ್ಳಾದದ್ದು, ಮೇಲಿನ ಕಶೇರು ಕೆಳಗಿನದಕ್ಕೆ ಅಂಟುವುದು ಮುಖ್ಯವಾಗಿ ಆ ಟೊಳ್ಳಿನ ಮೂಲಕ ಬೆಳೆಯುವ ಮೂಳೆಯಿಂದ. ಅದನ್ನು ಹೇಳದ ಪದ ರೋಗಿಗೆ ಏನನ್ನು ತಿಳಿಸೀತು? ಎದೆಗೂಡು, ಕಣ್ಣುಗೂಡುಗಳಿರುವ ದೇಹದಲ್ಲಿ ‘ಗೂಡು’ ಇನ್ನೊಂದಾಗಲಿ. ಪೀಕ್, ಟೈಟೇನಿಯಂ ಹೆಸರುಗಳನ್ನು ಮುಟ್ಟಬೇಡಿ. ವೈದ್ಯರ ಬಾಯಲ್ಲಿ ರೋಗಿ ಕೇಳುವುದು ಅವನ್ನೇ. ಮೂರನೆಯದನ್ನು ‘ಹಿಗ್ಗುವ ಗೂಡು’ ಎಂದರೆ ಸಂಭ್ರಮವೆನಿಸುತ್ತದೆ. ಲಾರಿಯ ಜಾಕಿಯಂತೆ ಒಳಗೇ ಏರಿಸುವುದರಿಂದ ‘ಏರಿಸುವ ಗೂಡು’ ಸರಿ.

ಹೋಲಿಕೆಯಲ್ಲಿ ತೊಡಕಿನ ಪದ ಬೇರೆ ಇದೆ. ಘನ ಟೈಟೇನಿಯಂ ಮಿಶ್ರಲೋಹದ ಬಿಗುಪು (ಒತ್ತಡಕ್ಕೆ ಮಣಿಯದ ಗುಣ) ಸುಮಾರು 110 ಗಿಗಾಪಾಸ್ಕಲ್, ಪೀಕಿನದು 3ರಿಂದ 4 ಮಾತ್ರ. ಮೂಳೆ ಮೆತ್ತಗಿದ್ದರೆ ಅದಕ್ಕಿಂತ ಬಿಗುಪಾದ ಗೂಡು ಕಶೇರುವಿನೊಳಕ್ಕೆ ಇಳಿಯಬಹುದು. ಇದನ್ನು ‘ಕುಸಿತ’ ಎಂದರೆ ಬೆನ್ನೇ ಕುಸಿಯಿತೆಂದು ರೋಗಿ ಹೆದರುತ್ತಾನೆ. ಹಸಿ ಗದ್ದೆಯಲ್ಲಿ ಗಾಡಿಯ ಚಕ್ರ ಹೂತುಕೊಳ್ಳುವುದನ್ನು ಕಂಡವರಿಗೆ ‘ಹೂತುಕೊಳ್ಳುವಿಕೆ’ ಸಾಕು. ಇತ್ತ, ಒರಟು ಟೈಟೇನಿಯಂ ಮೈಗೆ ಮೂಳೆ ನೇರವಾಗಿ ಅಂಟುತ್ತದೆ, ನುಣುಪಾದ ಪೀಕಿಗೆ ಅಷ್ಟು ಅಂಟದು. ಆದರೆ ಎಕ್ಸ್‌ರೇಯಲ್ಲಿ ಪೀಕ್ ಕಾಣದಿರುವುದರಿಂದ ಒಳಗೆ ಬೆಳೆದ ಮೂಳೆ ಮರೆಯಾಗದು. ಇಲ್ಲಿ ‘ಪಾರದರ್ಶಕ’ ಬೇಡ, ‘ಎಕ್ಸ್‌ರೇಗೆ ಕಾಣದ’ ಎಂದೇ ಬರೆಯಿರಿ.

ಮಂಡ್ಯದಿಂದ:
ಸಲಾಕೆಯನ್ನು ಹಿಂತೆಗೆದುಕೊಂಡಿದ್ದೇನೆ, ‘ಕಂಬಿ’ ಎನ್ನಿ. ಬೆಣೆಯನ್ನು ಮಾತ್ರ ಬಿಡೆನು.