ಕಾಲು ನೋಡಿದರು, ಕೈ ನೋಡಲಿಲ್ಲ: ಶೇ 36ರ ಅಂಗವೈಕಲ್ಯ ಪ್ರಮಾಣಪತ್ರವನ್ನು ಪ್ರಶ್ನಿಸಬಹುದೇ?

ಪ್ರಶ್ನೆ: ನನ್ನ ತಮ್ಮ ಎರಡು ವರ್ಷದ ಹಿಂದೆ ಕೊನೆ ಕೊಯ್ಯುವಾಗ ಅಡಿಕೆ ಮರದಿಂದ ಬಿದ್ದ. ಎಡ ಮಂಡಿ ಪೂರ್ತಿ ಮಡಚುವುದಿಲ್ಲ, ಬಲಗೈಯಲ್ಲಿ ಹಿಡಿತವಿಲ್ಲ. ಒದ್ದೆ ಟವೆಲ್ ಹಿಂಡಲು ಅಮ್ಮನನ್ನು ಕರೆಯುತ್ತಾನೆ. ವೈದ್ಯಕೀಯ ಮಂಡಳಿಯವರು ಕಾಲನ್ನಷ್ಟೇ ನೋಡಿದರು. ಕೈ ತೋರಿಸಲು ಹೋದಾಗ ಮುಂದಿನವರನ್ನು ಕರೆದುಬಿಟ್ಟರು. ಈಗ ಶೇ 36 ಎಂದು ಬಿಳಿ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಬಂದಿದೆ. ನಲವತ್ತು ಇಲ್ಲದೆ ಪಿಂಚಣಿ ಇಲ್ಲ ಎನ್ನುತ್ತಾರೆ. ಏನು ಮಾಡಲಿ?

ಉತ್ತರ (ಮೂಳೆ ತಜ್ಞ, ಹಿಂದೆ ಪ್ರಮಾಣಪತ್ರ ಮಂಡಳಿಯಲ್ಲಿದ್ದವನು): ಖಂಡಿತ ಪ್ರಶ್ನಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಂ ಮೇಲ್ಮನವಿಯ ಹಕ್ಕು ಕೊಟ್ಟಿದೆ. ಅದಕ್ಕೆ ಕಾಲಮಿತಿ ಉಂಟು, ಆದ್ದರಿಂದ ಈ ವಾರವೇ ಶುರು ಮಾಡಿ. ಮೇಲ್ಮನವಿ ಪ್ರಾಧಿಕಾರ ಯಾವುದು, ಎಷ್ಟು ದಿನದೊಳಗೆ ಸಲ್ಲಿಸಬೇಕು ಎಂಬುದನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಜೊತೆಗೆ ಬಂದರೆ ಅಲೆದಾಟ ಕಡಿಮೆಯಾಗುತ್ತದೆ.

ಅದರ ಜೊತೆಗೇ ಮೌಲ್ಯಮಾಪನದ ಹಾಳೆಯ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಶುಲ್ಕ ಹತ್ತು ರೂಪಾಯಿ. ಆ ಹಾಳೆಯಲ್ಲಿ ಕೈಯ ಅಂಕಣ ಖಾಲಿ ಇದ್ದರೆ ನಿಮ್ಮ ವಾದ ಅರ್ಧ ಗೆದ್ದಂತೆ. ಆಗ ನೀವು ವೈದ್ಯರ ಅಭಿಪ್ರಾಯವನ್ನು ಅಲ್ಲಗಳೆಯುತ್ತಿಲ್ಲ, ಪರೀಕ್ಷೆಯೇ ನಡೆದಿಲ್ಲ ಎನ್ನುತ್ತಿದ್ದೀರಿ.

ವೈಕಲ್ಯ ಅಳೆಯುವ ಸರ್ಕಾರಿ ಮಾರ್ಗಸೂಚಿಯ ಪ್ರಕಾರ ಕೈಯನ್ನು ಕಣ್ಣಂದಾಜಿನಲ್ಲಿ ಅಳೆಯುವಂತಿಲ್ಲ. ಕೀಲು ಎಷ್ಟು ಬಾಗುತ್ತದೆ, ಸ್ನಾಯುವಿನ ಬಲ ಎಷ್ಟು ಎಂಬುದರ ಜೊತೆಗೆ ದಿನನಿತ್ಯದ ಹತ್ತು ಕೆಲಸಗಳನ್ನು ನೋಡಬೇಕು: ಕೈಯಿಂದ ಊಟ ಮಾಡುವುದು, ತಲೆ ಬಾಚುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಲೋಟ ಎತ್ತಿ ನೀರು ಕುಡಿಯುವುದು, ಬರೆಯುವುದು, ಹೀಗೆ. ಆಗದ ಒಂದೊಂದಕ್ಕೂ ಶೇ 9. ಮೇಲ್ಮನವಿಯಲ್ಲಿ ಕಷ್ಟದ ಕಥೆಗಿಂತ ಇವುಗಳಲ್ಲಿ ಯಾವುದು ಆಗುವುದಿಲ್ಲ ಎಂಬ ವಿವರ ಮುಖ್ಯ.

ಒಂದು ಲೆಕ್ಕವನ್ನೂ ತಿಳಿದಿರಿ. ಕೈಗೆ ಶೇ 18 ಬಂದಿತೆನ್ನಿ. ಅದನ್ನು 36ಕ್ಕೆ ನೇರವಾಗಿ ಕೂಡಿ 54 ಎನ್ನುವಂತಿಲ್ಲ. ದೊಡ್ಡ ಅಂಕಿಯನ್ನು 90ರಿಂದ ಕಳೆಯಬೇಕು, ಉಳಿದ 54ನ್ನು 18ರಿಂದ ಗುಣಿಸಿ 90ರಿಂದ ಭಾಗಿಸಬೇಕು. ಸಿಗುವ 10.8ನ್ನು 36ಕ್ಕೆ ಸೇರಿಸಿದರೆ 46.8. ಮಂಡಳಿಯ ಮೇಜಿನ ಮೇಲೂ ಈ ಲೆಕ್ಕ ತಪ್ಪಿದ್ದನ್ನು ಕಂಡಿದ್ದೇನೆ.

ಪ್ರಶ್ನೆ: ಒಬ್ಬ ಏಜೆಂಟ್ ಎಂಟು ಸಾವಿರ ಕೊಟ್ಟರೆ 45 ಮಾಡಿಸುತ್ತೇನೆ ಎನ್ನುತ್ತಿದ್ದಾನೆ. ಅಮ್ಮ ಒಪ್ಪುವ ಹಾಗಿದ್ದಾಳೆ.

ಉತ್ತರ: ದಯವಿಟ್ಟು ಬೇಡವೆಂದು ಹೇಳಿ. ವಂಚನೆಯಿಂದ ಸೌಲಭ್ಯ ಪಡೆದರೆ ಅದೇ ಕಾಯ್ದೆಯ 91ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸಿಕ್ಕಿಬೀಳುವವನು ನಿಮ್ಮ ತಮ್ಮ, ಏಜೆಂಟ್ ಅಲ್ಲ. ನ್ಯಾಯವಾಗಿ ಬರಬೇಕಾದ ಅಂಕಿಗೆ ಅವನು ಯಾಕೆ ಕಳ್ಳನಾಗಬೇಕು?

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಮರುಪರೀಕ್ಷೆಯಲ್ಲಿ ಇದ್ದದ್ದೂ ಕಡಿಮೆಯಾಗಬಹುದೇ?

ಉತ್ತರ: ಆಗಬಹುದು, ಆ ಭಯ ಸುಳ್ಳಲ್ಲ. ಅದಕ್ಕೇ ಮೊದಲು ಹಾಳೆ ನೋಡಿ ಎಂದದ್ದು. ಇವರ ವಿಷಯದಲ್ಲಿ ಒಂದು ಅಂಗವನ್ನೇ ಬಿಟ್ಟಿದ್ದಾರೆ, ನಾನಾಗಿದ್ದರೆ ಹಿಂಜರಿಯುತ್ತಿರಲಿಲ್ಲ. ಮೇಲ್ಮನವಿಗೆ ಉತ್ತರವೇ ಬಾರದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಮರುಪರೀಕ್ಷೆಯ ದಿನ ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರ, ಎಕ್ಸ್-ರೇ, ಫಿಸಿಯೋಥೆರಪಿ ಚೀಟಿಗಳು ಇರಲಿ. ತಮ್ಮನಿಗೆ ಟೀ ಶರ್ಟ್ ಬೇಡ, ಗುಂಡಿಯ ಅಂಗಿಯನ್ನೇ ಹಾಕಿಸಿ. ಒಳಗೆ ಅದನ್ನು ಬಿಚ್ಚಿ ಮತ್ತೆ ಹಾಕಿಕೊಳ್ಳುವಾಗ ನೀವು ನೆರವಿಗೆ ಹೋಗಬೇಡಿ. ನೋಡಲು ಕಷ್ಟವಾಗುತ್ತದೆ, ಆದರೂ ಹೋಗಬೇಡಿ.