ಚಿಕ್ಕಪ್ಪ, ಮೈಲುತುತ್ತ ಹಾಕೋಕೆ ಮುಂಚೆ ಇದನ್ನ ಕೇಳಿ

ಚಿಕ್ಕಪ್ಪ, ನೀವು ಹಾಕಿದ ಕೆರೆ ಫೋಟೋ ನೋಡಿದೆ. ಪಾಚಿ ಕಟ್ಟಿದೆ, ಮೈಲುತುತ್ತ ಸುರಿದು ಸಾಯಿಸಿಬಿಡೋಣ ಅಂದಿದ್ದೀರಿ. ದಯವಿಟ್ಟು ಬೇಡ. ಮೊದಲು ಅದು ಯಾವ ಪಾಚಿ ಅಂತ ನೋಡೋಣ.

ಒಂದು ಕೋಲಲ್ಲಿ ಆ ಹಸಿರನ್ನ ಮೇಲೆತ್ತಿ. ಕೂದಲಿನ ಹಾಗೆ ಎಳೆ ಎಳೆಯಾಗಿ ಜೋತುಬಿದ್ರೆ ಅದು ಎಳೆಪಾಚಿ, ಸಾಮಾನ್ಯವಾಗಿ ಅದರಲ್ಲಿ ವಿಷ ಇರಲ್ಲ. ಪೇಂಟಲ್ಲಿ ಅದ್ದಿದ ಹಾಗೆ ಕೋಲಿಗೆ ಬಳ್ಕೊಂಡ್ರೆ ಮಾತ್ರ ನೀಲಿ-ಹಸಿರು ಪಾಚಿ ಅಂತ ಅನುಮಾನ ಪಡಬೇಕು. ಅದು ನಿಜಕ್ಕೂ ಪಾಚಿ ಅಲ್ಲ, ಬ್ಯಾಕ್ಟೀರಿಯಾ. ಹೆಸರು ಹಾಗೇ ಉಳ್ಕೊಂಡಿದೆ. ಕೈಯಲ್ಲಿ ಮುಟ್ಟಬೇಡಿ, ದನ, ನಾಯಿಗಳನ್ನ ಹತ್ತಿರ ಬಿಡಬೇಡಿ. ಅದರಲ್ಲಿ ಕೆಲವು ಜಾತಿ ಮೈಕ್ರೋಸಿಸ್ಟಿನ್ ಅನ್ನೋ ವಿಷ ಮಾಡ್ತವೆ, ಅದು ನೇರ ಲಿವರ್‌ಗೆ ಹೊಡೆಯುತ್ತೆ. ನೀರು ಕುದಿಸಿದ್ರೂ ಹೋಗಲ್ಲ. ಮೈಲುತುತ್ತ ಹಾಕಿದ್ರೆ ಆ ಜೀವಕೋಶಗಳು ಒಡೆದು, ಒಳಗಿದ್ದ ವಿಷವೆಲ್ಲ ಒಂದೇ ಸಲ ನೀರಿಗೆ ಸೇರುತ್ತೆ. ನಂಗೆ ಭಯ ಇರೋದು ಇದಕ್ಕೇ.

ಇನ್ನೊಂದು ವಿಷಯ. ಸಾಯಿಸಿದ್ರೂ ಅದು ಮತ್ತೆ ಬರುತ್ತೆ, ಯಾಕಂದ್ರೆ ಅದರ ಊಟ ನೀರಲ್ಲೇ ಇರುತ್ತೆ. 1973ರಲ್ಲಿ ಕೆನಡಾದಲ್ಲಿ ಡೇವಿಡ್ ಶಿಂಡ್ಲರ್ ಅನ್ನೋ ವಿಜ್ಞಾನಿ ಒಂದು ಸರೋವರದ ಮಧ್ಯೆ ಪರದೆ ಕಟ್ಟಿಸಿದ್ರು. ಎರಡೂ ಕಡೆ ಸಾರಜನಕ, ಇಂಗಾಲ ಹಾಕಿ, ಒಂದು ಕಡೆಗೆ ಮಾತ್ರ ರಂಜಕಾನೂ ಸೇರಿಸಿದ್ರು. ರಂಜಕ ಬಿದ್ದ ಅರ್ಧ ಹಸಿರುಗಟ್ಟಿತು, ಇನ್ನರ್ಧ ತಿಳಿಯಾಗೇ ಉಳೀತು. ಅಂದ್ರೆ ನಾವು ಹುಡುಕಬೇಕಾದ್ದು ರಂಜಕ ಹೊತ್ತು ತರೋ ಕೊಳಚೆ, ಸೋಪಿನ ನೀರು, ಹೊಲದ ಗೊಬ್ಬರ ಎಲ್ಲಿಂದ ಒಳಗೆ ಬರ್ತಿದೆ ಅಂತ.

ಅದನ್ನ ಹುಡುಕೋಕೂ ಪಾಚಿನೇ ಸಹಾಯ ಮಾಡುತ್ತೆ, ನಂಗೆ ತುಂಬಾ ಇಷ್ಟವಾದ ವಿಷಯ ಇದು. ಬಾಟಲಿಲಿ ನೀರು ಹಿಡಿದು ಲ್ಯಾಬಿಗೆ ಕಳಿಸಿದ್ರೆ ಆ ಹೊತ್ತಿನ ನೀರಿನ ಕಥೆ ಅಷ್ಟೇ ಸಿಗುತ್ತೆ; ರಾತ್ರಿ ಯಾರೋ ಕೊಳಚೆ ಬಿಟ್ಟು ಅದು ಹರಿದುಹೋಗಿದ್ರೆ ಗೊತ್ತೇ ಆಗಲ್ಲ. ಕಲ್ಲಿನ ಮೇಲೆ ಜಾರೋ ಕಂದು ಲೋಳೆ ಇರುತ್ತಲ್ಲ, ಅದರ ತುಂಬಾ ಡಯಾಟಮ್ ಅನ್ನೋ ಪಾಚಿಗಳು, ಒಂದೊಂದಕ್ಕೂ ಗಾಜಿನಂಥ ಚಿಪ್ಪು. ಅವು ವಾರಗಟ್ಟಲೆ ಅಲ್ಲೇ ಇದ್ದು ಬಂದ ನೀರನ್ನೆಲ್ಲ ಉಂಡಿರ್ತವೆ. ಕೆಲವು ಜಾತಿ ಶುದ್ಧ ನೀರಲ್ಲಷ್ಟೇ ಬದುಕ್ತವೆ, ನಿಟ್ಷಿಯಾ ಅನ್ನೋ ಡಯಾಟಮ್‌ನ ಕೆಲವು ಜಾತಿ ಕೊಳಚೆ ತಡ್ಕೊಳ್ತವೆ. ಯೂಗ್ಲೀನಾ, ಆಸಿಲಟೋರಿಯಾ ಅನ್ನೋ ಸೂಕ್ಷ್ಮಜೀವಿಗಳು ಹೇರಳವಾಗಿ ಕಂಡ್ರಂತೂ ಕೊಳಚೆ ಸೇರ್ತಿದೆ ಅಂತ ಬಲವಾದ ಗುಮಾನಿ. ಅಂಥವಕ್ಕೆ ಅಂಕ ಕೊಟ್ಟು ಮಾಲಿನ್ಯ ಅಳೆಯೋ ಪಟ್ಟಿ 1969ರಲ್ಲೇ ಬಂದಿದೆ.

ಸಂಜೆ ಕೋಲು ಹಾಕಿ ನೋಡಿ ಫೋಟೋ ಕಳಿಸಿ ಚಿಕ್ಕಪ್ಪ. ಹಾಗೇ ಕಾಲುವೆ ಬಂದು ಸೇರೋ ಜಾಗದಿಂದ ಎರಡು ಕಲ್ಲು, ಆಚೆ ದಡದಿಂದ ಎರಡು ಕಲ್ಲು, ಕೈಗೆ ಗ್ಲೌಸ್ ಹಾಕ್ಕೊಂಡು ತೆಗೆದಿಡಿ. ಭಾನುವಾರ ಬರ್ತೀನಿ, ಸೂಕ್ಷ್ಮದರ್ಶಕ ತರ್ತೀನಿ.