ಜೀರೋ ವಿಮಾನದ ಬಣ್ಣ ನಿಜಕ್ಕೂ ಅಷ್ಟೊಂದು ಕಿತ್ತುಬರುತ್ತಿತ್ತಾ?

ಕುಡ್ಲದ ಹುಡುಗ:
ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಜಪಾನಿ ನೌಕಾಪಡೆಯ ಯುದ್ಧವಿಮಾನ ಜೀರೋದ 1/72 ಅಳತೆಯ (ನಿಜದ 72ರಲ್ಲಿ ಒಂದು ಪಾಲು) ಟಮಿಯಾ ಕಂಪನಿಯ ಕಿಟ್ ಕಟ್ಟುತ್ತಿದ್ದೇನೆ, ಮಾಡೆಲ್ 21 ಎಂಬ ಮಾದರಿ. ಪರ್ಲ್ ಹಾರ್ಬರ್ ದಾಳಿಯ ಹೊತ್ತಿನ ಜುಯಿಕಾಕು ಎಂಬ ವಿಮಾನವಾಹಕ ಹಡಗಿನ ವಿಮಾನ ಮಾಡಬೇಕೆಂದಿದೆ. ಕಾಕ್‌ಪಿಟ್ ಮುಗಿಸಿ ಒಡಲು, ರೆಕ್ಕೆ ಜೋಡಿಸಿ ಆಯಿತು. ಈಗ ಹೊರಗಿನ ಬಣ್ಣ. ನೆಟ್‌ನಲ್ಲಿ ನೋಡಿದ ಜೀರೋ ಮಾಡೆಲ್‌ಗಳಲ್ಲಿ ಹೆಚ್ಚಿನವಕ್ಕೆ ಮೈತುಂಬ ಬಣ್ಣ ಎದ್ದು ಅಲ್ಯೂಮಿನಿಯಂ ಕಾಣುತ್ತದೆ. ನೋಡಲು ಚೆಂದವೇ. ಆದರೆ ನಿಜವಾದ ವಿಮಾನ ಹಾಗಿತ್ತಾ? ಇನ್ನೊಂದು, ರೆಕ್ಕೆಯ ಮುಂದಂಚಿಗೆ ಹಳದಿ ಪಟ್ಟಿ ಕೆಲವರು ಹಾಕಿದ್ದಾರೆ, ಕೆಲವರು ಹಾಕಿಲ್ಲ. ಇಲ್ಲಿ ಮಳೆ ಹಿಡಿದಿದೆ, ಏರ್‌ಬ್ರಶ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನ) ಹಿಡಿಯಲು ಧೈರ್ಯ ಬರುತ್ತಿಲ್ಲ. ಅನುಭವ ಇದ್ದವರು ಹೇಳಿ.

ಪೇಂಟ್‌ಶಾಪ್ ರಾಯರು:
ಹಳದಿ ಪಟ್ಟಿ ಬೇಡ ತಮ್ಮಾ. ಅದು ಬಂದದ್ದು 1942ರ ದ್ವಿತೀಯಾರ್ಧದಲ್ಲಿ, ತಮ್ಮದೇ ವಿಮಾನ ಎಂದು ದೂರದಿಂದ ಗುರುತು ಸಿಗಲಿ ಅಂತ. 1941ರ ಡಿಸೆಂಬರ್‌ನ ಜೀರೋಗೆ ಅದನ್ನು ಬಳಿದರೆ ಕಾಲವೇ ತಪ್ಪಿಹೋಗುತ್ತದೆ. ಜುಯಿಕಾಕುವಿಗೆ ಒಡಲ ಸುತ್ತ ಎರಡು ಬಿಳಿ ಪಟ್ಟಿ, ಬಾಲದ ಮೇಲೆ ಕೆಂಪು ಸಂಖ್ಯೆ. ಅಷ್ಟು ಸಾಕು.

ಇನ್ನು ನಿನ್ನ ಮೊದಲ ಪ್ರಶ್ನೆ. ನಾನು ಕೆಲಸ ಮಾಡಿದ್ದು ವಿಮಾನಗಳಿಗೆ ಬಣ್ಣ ಹೊಡೆಯುವ ಶಾಪ್‌ನಲ್ಲಿ, ಹಾಗಾಗಿ ಈ ವಿಷಯ ಬಂದರೆ ಸುಮ್ಮನಿರಲು ಆಗುವುದಿಲ್ಲ. ಅಲ್ಯೂಮಿನಿಯಂ ಮೇಲೆ ಬಣ್ಣ ನಿಲ್ಲುವುದೂ ಬಿಡುವುದೂ ಅದರ ಕೆಳಗೆ ಪ್ರೈಮರ್, ಅಂದರೆ ಹಿಡಿತಕ್ಕಾಗಿ ಬಳಿಯುವ ಮೊದಲ ಪದರ, ಇದೆಯೋ ಇಲ್ಲವೋ ಅನ್ನುವುದರ ಮೇಲೆ. ಮಿತ್ಸುಬಿಷಿ ಕಟ್ಟಿದ ಆರಂಭದ ಜೀರೋಗಳಿಗೆ ಕೆಂಗಂದು ಪ್ರೈಮರ್ ಇತ್ತು, ಅದರ ಮೇಲೆ ಬೂದು-ಹಸಿರು ಮಿಶ್ರಿತ ಹೊಳಪಿನ ಬಣ್ಣ. ಉಪ್ಪುಗಾಳಿಯಲ್ಲಿ, ಹಡಗಿನ ಡೆಕ್ ಮೇಲೆ ಬಾಳಬೇಕಾದ ವಿಮಾನ ಅದು. ಕಾರ್ಖಾನೆಯವರೂ ಹಡಗಿನ ಮೆಕ್ಯಾನಿಕ್‌ಗಳೂ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಪರ್ಲ್ ಹಾರ್ಬರ್‌ಗೆ ಹೊರಟ ಜೀರೋಗೆ ಸಿಪ್ಪೆ ಸುಲಿದ ಮೈ ಮಾಡುವುದು ಆ ಕೆಲಸಗಾರರಿಗೆ ಅನ್ಯಾಯ ಅಂತ ನಾನು ಮನಸಾರೆ ನಂಬುತ್ತೇನೆ.

ಹಾಗಾದರೆ ಕಿತ್ತ ಬಣ್ಣ ಎಲ್ಲಿಂದ ಬಂತು? ಮುಖ್ಯವಾಗಿ ಜಪಾನಿನ ಭೂಸೇನೆಯ ವಿಮಾನಗಳಿಂದ, ಜೀರೋ ನೌಕಾಪಡೆಯದ್ದು. ನಕಾಜಿಮಾದ ಕಿ-43 ಹಯಬುಸಾ ನೋಡು, ಬರ್ಮಾದಲ್ಲಿ, ನಮ್ಮ ಇಂಫಾಲದ ಮೇಲೆ ಹಾರಿದ್ದು ಅದೇ. ಅದರಲ್ಲಿ ಎಷ್ಟೋ ವಿಮಾನ ಬಣ್ಣವಿಲ್ಲದ ಬರಿಮೈಯಲ್ಲೇ ಕಾರ್ಖಾನೆಯಿಂದ ಹೊರಬರುತ್ತಿದ್ದವು. ಹಸಿರನ್ನು ಆಮೇಲೆ ಸೇನಾ ತುಕಡಿಯಲ್ಲಿ, ಪ್ರೈಮರ್ ಇಲ್ಲದೆ, ನೇರ ಲೋಹದ ಮೇಲೆ ಹೊಡೆದದ್ದು. ಅದು ನಿಲ್ಲುವುದೆಲ್ಲಿಂದ? ನೌಕಾಪಡೆಯಲ್ಲೂ 1943ರ ಹೊತ್ತಿಗೆ ನೆಲದ ಠಾಣ್ಯಗಳಲ್ಲಿ ಬೂದು ಬಣ್ಣದ ಮೇಲೆ ಅವಸರವಾಗಿ ಹಸಿರು ಬಳಿದರು. ಅಲ್ಲಿ ಹಸಿರು ಎದ್ದರೆ ಕಾಣುವುದು ಕೆಳಗಿನ ಬೂದು, ಬೆಳ್ಳಿಯಲ್ಲ. ಎಲ್ಲದಕ್ಕೂ ಬೆಳ್ಳಿ ಬಣ್ಣವನ್ನೇ ಒತ್ತುವವರು ಇದನ್ನು ಗಮನಿಸಬೇಕು.

ಇನ್ನೂ ಒಂದು. ರೆಕ್ಕೆ, ಬಾಲದಲ್ಲಿ ವಿಮಾನವನ್ನು ತಿರುಗಿಸಲು ಅಲುಗುವ ಭಾಗಗಳಾದ ಜೀರೋದ ಏಲರಾನ್, ಎಲಿವೇಟರ್, ರಡ್ಡರ್‌ಗಳಿಗೆ ಹೊದಿಸಿದ್ದು ಬಟ್ಟೆ. ಬಟ್ಟೆಯ ಮೇಲೆ ಅಲ್ಯೂಮಿನಿಯಂ ಕಾಣಲು ಸಾಧ್ಯವೇ ಇಲ್ಲ. ಸ್ಪರ್ಧೆಗಳಲ್ಲಿ ನಾನು ಮೊದಲು ಬಗ್ಗಿ ನೋಡುವ ಜಾಗ ಅದು.

ಅಳತೆಯನ್ನೂ ಲೆಕ್ಕ ಹಾಕು. ಕಿತ್ತ ಬಣ್ಣ ತೋರಿಸಲು ಸ್ಪಂಜಿನಲ್ಲಿ ಬೆಳ್ಳಿ ಬಣ್ಣ ಅದ್ದಿ ನೀನು ಒತ್ತುವ 1 ಮಿಲಿಮೀಟರ್ ಚುಕ್ಕೆ 1/72ರಲ್ಲಿ 7 ಸೆಂಟಿಮೀಟರ್‌ಗಿಂತ ದೊಡ್ಡ ಗಾಯ. ಪೈಲಟ್ ಹತ್ತುವ ರೆಕ್ಕೆಯ ಬುಡ, ಬಂದೂಕಿನ ಮುಚ್ಚಳದ ಅಂಚು, ಕೌಲಿಂಗ್‌ನ (ಎಂಜಿನ್ ಹೊದಿಕೆಯ) ಬಿಗಿ ಸ್ಕ್ರೂಗಳ ಹತ್ತಿರ 000 ನಂಬರಿನ ತೀರ ಸಣ್ಣ ಬ್ರಶ್ಶಿನ ತುದಿ ತಾಗಿಸಿದರೆ ಮುಗಿಯಿತು.

ಬಣ್ಣಕ್ಕೆ ಟಮಿಯಾದ ಎಕ್ಸ್‌ಎಫ್-76 ಎಂಬ ಬೂದು-ಹಸಿರು ತಗೋ. ಇಷ್ಟು ಚಿಕ್ಕ ಮಾಡೆಲ್‌ಗೆ ಅದು ಗಾಢವಾಗುತ್ತದೆ, ಸ್ವಲ್ಪ ಬಿಳಿ ಬೆರೆಸು. ಕೌಲಿಂಗ್ ಬರೀ ಕಪ್ಪಲ್ಲ, ನೀಲಿಯ ಛಾಯೆ ಇರುವ ಕಪ್ಪು. ಚಕ್ರದ ಗೂಡಿಗೆ ಹೊಟ್ಟೆಯ ಬಣ್ಣವನ್ನೇ ಹೊಡೆ. ತಗಡು ಕೂಡುವ ಪ್ಯಾನಲ್ ಗೆರೆಗಳಿಗೆ ಕಪ್ಪು ವಾಶ್, ಅಂದರೆ ನೀರಾಗಿಸಿದ ಬಣ್ಣ, ಬಿಡಬೇಡ, ತಿಳಿ ಮೈಯ ಮೇಲೆ ಕಣ್ಣಿಗೆ ರಾಚುತ್ತದೆ. ಬೂದು-ಕಂದು ಸಾಕು.

ನಗೋಯಾದಿಂದ:
ರಾಯರು ಹೇಳಿದ್ದು ಸರಿ. ನನ್ನದೊಂದು ಸೇರಿಸುತ್ತೇನೆ. ಮರಳುಕಾಗದ ಹಿಡಿದಾಗ ಕಾಕ್‌ಪಿಟ್ ಹಿಂದೆ ಒಡಲನ್ನು ಸುತ್ತುವ ಗೆರೆಯನ್ನು ಅಳಿಸಿಬಿಡಬೇಡಿ. ಜೀರೋದ ರೆಕ್ಕೆಯೂ ಒಡಲ ಮುಂಭಾಗವೂ ಒಂದೇ ತುಂಡು. ಹಿಂಭಾಗ ಬೇರೆ, ಬೋಲ್ಟ್ ಹಾಕಿ ಬಿಗಿಯುವಂಥದ್ದು. ಇಲ್ಲಿನ ಮಿತ್ಸುಬಿಷಿ ಕಾರ್ಖಾನೆಯ ಪಕ್ಕ ರನ್‌ವೇ ಇರಲಿಲ್ಲ. ಹಾಗಾಗಿ 1939ರಲ್ಲಿ ಮೊದಲ ವಿಮಾನವನ್ನು ಬಿಚ್ಚಿ ಎತ್ತಿನ ಗಾಡಿಗಳ ಮೇಲೆ ಕಕಾಮಿಗಹಾರದ ವಾಯುನೆಲೆಗೆ ಸಾಗಿಸಿದರು. ಏಪ್ರಿಲ್ 1ರಂದು ಅದು ಹಾರಿತು. ಆ ಕಾಲದ ಅತಿ ಚುರುಕಿನ ಯುದ್ಧವಿಮಾನ ಎತ್ತಿನ ಗಾಡಿಯಲ್ಲಿ ಹೋದದ್ದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅದೇ ಕಕಾಮಿಗಹಾರದ ವಸ್ತುಸಂಗ್ರಹಾಲಯದಲ್ಲಿ ಈಗ ಕವಾಸಾಕಿ ಕಟ್ಟಿದ ಹಿಯೆನ್ ಯುದ್ಧವಿಮಾನ ಇದೆ, ನಂತರ ಬಳಿದ ಬಣ್ಣವನ್ನೆಲ್ಲ ತೆಗೆದು ಬರಿ ಲೋಹದಲ್ಲಿ ನಿಲ್ಲಿಸಿದ್ದಾರೆ. ಬರಿಮೈ ವಿಮಾನ ಮಾಡುವವರು ಅದರ ಫೋಟೋ ನೋಡಲೇಬೇಕು. ಒಂದೊಂದು ತಗಡಿಗೂ ಒಂದೊಂದು ಬಗೆಯ ಹೊಳಪು.

ಕುಡ್ಲದ ಹುಡುಗ:
ತುಂಬಾ ಉಪಕಾರವಾಯಿತು ರಾಯರೇ. ಬಟ್ಟೆಯ ವಿಷಯ ಯಾರೂ ಹೇಳಿರಲಿಲ್ಲ. ಮುಂದಿನದು ಹಯಬುಸಾನೇ ಮಾಡುತ್ತೇನೆ. ಅದರ ಹಸಿರು ಎಬ್ಬಿಸುವುದು ಹೇಗೆ? ಮತ್ತೆ ಈ ಮಳೆಗೆ ಏನು ಮಾಡಲಿ?

ಪೇಂಟ್‌ಶಾಪ್ ರಾಯರು:
ಹಯಬುಸಾಗೆ ಮೊದಲು ಬೆಳ್ಳಿ ಲ್ಯಾಕರ್ ಹೊಡೆದು ಒಂದು ದಿನ ಪೂರ್ತಿ ಬಿಡು. ಅದರ ಮೇಲೆ ಸಾಮಾನ್ಯ ಹೇರ್‌ಸ್ಪ್ರೇ ತೆಳ್ಳಗೆ ಎರಡು ಸಲ. ಅದು ಒಣಗಿದ ಮೇಲೆ ಅಕ್ರಿಲಿಕ್ ಹಸಿರು, ತೆಳ್ಳಗೆ. ಮುಟ್ಟಿದರೆ ಅಂಟದಷ್ಟು ಒಣಗಿದ ಕೂಡಲೇ ಗಟ್ಟಿ ಕೂದಲಿನ ಹಳೆಯ ಬ್ರಶ್ಶನ್ನು ನೀರಲ್ಲಿ ಅದ್ದಿ, ಒರೆಸಿ, ಮುಂದಿನಿಂದ ಹಿಂದಕ್ಕೆ ಉಜ್ಜು. ಗಾಳಿ ಬೀಸುವ ದಿಕ್ಕು ಅದು. ಮೊದಲು ಏನೂ ಆಗುವುದಿಲ್ಲ, ಆಮೇಲೆ ಅಂಚಿನಲ್ಲಿ ಒಂದು ಚಕ್ಕೆ ಏಳುತ್ತದೆ, ಅದರ ಬೆನ್ನಿಗೇ ಇನ್ನೊಂದು. ಅಲ್ಲಿಗೆ ಕೈ ತಡೆದು ನಿಲ್ಲಿಸು. ಅದರಲ್ಲೂ ಏಲರಾನ್, ಎಲಿವೇಟರ್, ರಡ್ಡರ್ ಬಟ್ಟೆಯವೇ. ಬರಿಮೈ ಹಯಬುಸಾದಲ್ಲೂ ಅವಕ್ಕೆ ಕಾರ್ಖಾನೆಯ ಬೂದು-ಹಸಿರು ಇರುತ್ತಿತ್ತು. ಅವನ್ನು ಮೊದಲೇ ಬಣ್ಣ ಮಾಡಿ ಮಾಸ್ಕಿಂಗ್ ಟೇಪ್ ಹಾಕಿಬಿಡು.

ಮಳೆಯದ್ದು ದೊಡ್ಡ ತಲೆನೋವೇ. ಗಾಳಿಯಲ್ಲಿ ತೇವ ಇದ್ದಾಗ ಲ್ಯಾಕರ್ ಹೊಡೆದರೆ ಥಿನ್ನರ್ ಆರುವ ರಭಸಕ್ಕೆ ಮೇಲ್ಮೈ ತಣ್ಣಗಾಗಿ ನೀರಿನಂಶ ಕೂತುಬಿಡುತ್ತದೆ, ಬಣ್ಣ ವಿಭೂತಿ ಬಳಿದ ಹಾಗೆ ಬೆಳ್ಳಗಾಗುತ್ತದೆ. ನಿಧಾನ ಆರುವ ಲೆವೆಲಿಂಗ್ ಥಿನ್ನರ್ ಬಳಸು. ಕಂಪ್ರೆಸರ್‌ಗೆ ನೀರು ಹಿಡಿಯುವ ಟ್ರ್ಯಾಪ್ ಇದ್ದೇ ಇರಲಿ, ಆಗಾಗ ಅದನ್ನು ಖಾಲಿ ಮಾಡು. ಜಡಿಮಳೆ ಹಿಡಿದ ದಿನ ಹೊರಬಣ್ಣ ಬೇಡವೇ ಬೇಡ. ಅಂಥ ದಿನ ಕ್ಯಾನೊಪಿಗೆ, ಅಂದರೆ ಪೈಲಟ್ ಕೂರುವ ಜಾಗದ ಗಾಜಿನ ಮುಚ್ಚಳಕ್ಕೆ, ಟೇಪ್ ಕತ್ತರಿಸುತ್ತ ಕೂತಿರು. ಜೀರೋದ ಗಾಜಿನಲ್ಲಿ ಅಷ್ಟು ಚೌಕಟ್ಟುಗಳಿವೆ, ಅದಕ್ಕೇ ಒಂದು ಭಾನುವಾರ ಬೇಕು. ಚೌಕಟ್ಟಿಗೆ ಮೊದಲು ಕಾಕ್‌ಪಿಟ್ ಒಳಗಿನ ಹಸಿರು, ಅದರ ಮೇಲೆ ಹೊರಬಣ್ಣ. ಆಗ ಒಳಗಿನಿಂದ ನೋಡಿದರೂ ಸರಿಯಾದ ಬಣ್ಣವೇ ಕಾಣುತ್ತದೆ. ಡೆಕಲ್ (ಗುರುತುಗಳ ಅಂಟುಚಿತ್ರ) ಹಚ್ಚುವ ಮುಂಚೆ ಒಂದು ಫೋಟೋ ಇಲ್ಲಿ ಹಾಕು, ಬಿಳಿ ಪಟ್ಟಿಗಳ ಜಾಗ ನೋಡಿ ಹೇಳುತ್ತೇನೆ.